ಅನ್ನವಿಟ್ಟು ಅಕ್ಷರ ಕೊಟ್ಟ ಕರ್ಮವೀರ ಭಾವೂರಾವ್ ಪಾಟೀಲರು

ದಾನಗಳಲ್ಲಿ ನಾಲ್ಕು ಬಗೆಯನ್ನು ನಮ್ಮ ಹಿರಿಯರು ಹೇಳಿದ್ದಾರೆ. ಹಸಿದವರಿಗೆ ಆಹಾರದಾನ, ಹೆದರಿದವರಿಗೆ ಅಭಯದಾನ, ರೋಗಿಗೆ ಔಷಧದಾನ, ಅರಿಯದವರಿಗೆ ಶಾಸ್ತ್ರದಾನ. ಜೈನ ಪರಂಪರೆಯಲ್ಲಿ ಇವನ್ನು ಚತುರ್ವಿಧ ದಾನ ಅಂತ ಕರೆಯುತ್ತಾರೆ. ಶ್ರಾವಕರಾದವರು ತಮ್ಮ ಶಕ್ತಿಗೆ ತಕ್ಕಂತೆ ಇವನ್ನು ಆಚರಿಸಬೇಕೆಂದು ಎಲ್ಲ ಬಸದಿಗಳಲ್ಲೂ ಬೋಧಿಸುತ್ತಾರೆ. ಆದರೆ ಒಂದು ಮಾತು ಯೋಚಿಸಿ ನೋಡಿ. ಶಾಸ್ತ್ರದಾನ ಅಂದರೆ ವಿದ್ಯೆ. ಹೊಟ್ಟೆಗಿಲ್ಲದ ಮಗುವಿಗೆ ವಿದ್ಯೆ ಹತ್ತುತ್ತದೆಯೇ? ಬೆಳಿಗ್ಗೆಯಿಂದ ಏನೂ ತಿನ್ನದೆ ಬಂದ ಮಗು ಪಾಠ ಕೇಳುವುದೋ, ಮಧ್ಯಾಹ್ನದ ಗಂಟೆ ಯಾವಾಗ ಬಾರಿಸುತ್ತಾರೆ ಅಂತ ಕಾಯುವುದೋ? ಹಾಗಾಗಿ ಮೊದಲು ಆಹಾರ, ಅದರ ಜೊತೆಗೇ ಶಾಸ್ತ್ರ. ಇವೆರಡನ್ನೂ ಬೇರ್ಪಡಿಸದೆ, ಜಾತಿ ಮತ ಕೇಳದೆ, ಬಡವರ ಮಕ್ಕಳಿಗೆ ಐವತ್ತು ವರ್ಷ ಕಾಲ ನೀಡುತ್ತಾ ಬಂದ ಒಬ್ಬ ಗೃಹಸ್ಥ ಶ್ರಾವಕರಿದ್ದರು. ಅವರು ಮುನಿಗಳಲ್ಲ, ಮಠಾಧಿಪತಿಗಳಲ್ಲ, ರಾಜರೂ ಅಲ್ಲ. ಮೆಟ್ರಿಕ್ ಕೂಡ ಪೂರೈಸದ ಒಬ್ಬ ರೈತರ ಮನೆಯ ಮಗ. ಮಹಾರಾಷ್ಟ್ರದ ಜನ ಅವರನ್ನು ಪ್ರೀತಿಯಿಂದ ಕರ್ಮವೀರ ಎಂದು ಕರೆದರು. ಅವರೇ ಭಾವೂರಾವ್ ಪಾಟೀಲರು.

ಜನನ ಮತ್ತು ಬಾಲ್ಯ

ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲೂಕಿನಲ್ಲಿ ಕುಂಭೋಜ ಎಂಬ ಊರಿದೆ. ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಕನ್ನಡ ಯಾತ್ರಿಕರಿಗೆ ಇದು ಹೊಸ ಹೆಸರಲ್ಲ. 28 ಅಡಿ ಎತ್ತರದ ಅಮೃತಶಿಲೆಯ ಬಾಹುಬಲಿ ಸ್ವಾಮಿ ನಿಂತಿರುವ ಬೆಟ್ಟ ಈ ಊರಿನ ಸಮೀಪದಲ್ಲೇ ಇದೆ. ಆ ಮೂರ್ತಿ ಬರುವುದಕ್ಕೆ ಎಷ್ಟೋ ಮೊದಲು, 1887ರ ಸೆಪ್ಟೆಂಬರ್ 22ರಂದು, ಇದೇ ಕುಂಭೋಜದಲ್ಲಿ ಭಾವೂರಾವ್ ಜನಿಸಿದರು. ತಂದೆ ಪಾಯಗೊಂಡ ಪಾಟೀಲರು, ತಾಯಿ ಗಂಗಾಬಾಯಿ. ತಂದೆಯವರದು ಈಗಿನ ಸಾಂಗಲಿ ಜಿಲ್ಲೆಯ ಐತವಡೆ ಬುದ್ರುಕ್ ಎಂಬ ಹಳ್ಳಿ. ಈ ದಿಗಂಬರ ಜೈನ ಮನೆತನದ ಮೂಲ ನಮ್ಮ ಕರಾವಳಿಯ ಮೂಡುಬಿದಿರೆ ಎಂದು ಜೀವನಚರಿತ್ರೆಗಳು ದಾಖಲಿಸಿವೆ. ಸಾವಿರ ಕಂಬದ ಬಸದಿಯ ಊರಿನಿಂದ ಹೊರಟ ಬಳ್ಳಿ ಕೃಷ್ಣೆಯ ದಡದಲ್ಲಿ ಚಿಗುರಿತು ಎನ್ನಬಹುದು.

ತಂದೆ ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ವರ್ಗವಾದಂತೆಲ್ಲ ಊರು ಬದಲಾಗುತ್ತಿತ್ತು. ಹುಡುಗನಿಗೆ ಪುಸ್ತಕಕ್ಕಿಂತ ಗರಡಿ, ಕುಸ್ತಿ, ಈಜು ಹೆಚ್ಚು ಇಷ್ಟ. ಮೈಕಟ್ಟು ಗಟ್ಟಿ, ಸ್ವಭಾವ ಅದಕ್ಕಿಂತ ಗಟ್ಟಿ. ಅನ್ಯಾಯ ಕಂಡರೆ ಸುಮ್ಮನಿರೋದು ಅವರಿಂದ ಆಗುತ್ತಿರಲಿಲ್ಲ. ಆ ಕಾಲದಲ್ಲಿ ಅಸ್ಪೃಶ್ಯರೆನಿಸಿಕೊಂಡವರು ಊರ ಬಾವಿಗೆ ಕೊಡ ಇಳಿಸುವಂತಿರಲಿಲ್ಲ. ಬಿಸಿಲಲ್ಲಿ ದೂರ ನಿಂತು, ಯಾರಾದರೂ ಮೇಲ್ಜಾತಿಯವರು ಬಂದು ನೀರು ಹೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ಕಂಡ ಹುಡುಗ ಭಾವೂರಾವ್ ಸಿಟ್ಟಿನಿಂದ ಬಾವಿಯ ರಾಟೆಯನ್ನೇ ಕಿತ್ತು ಹಾಕಿದರು ಎಂಬ ಕಥೆಯನ್ನು ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಎಲ್ಲರಿಗೂ ಸಿಗದ ನೀರು ಯಾರಿಗೂ ಬೇಡ ಎಂಬುದು ಆ ಹುಡುಗನ ನ್ಯಾಯ.

ಶಾಹು ಮಹಾರಾಜರ ಕೊಲ್ಹಾಪುರ

ಮುಂದಿನ ಓದಿಗೆಂದು ಭಾವೂರಾವ್ ಕೊಲ್ಹಾಪುರಕ್ಕೆ ಬಂದರು. ರಾಜಾರಾಮ್ ಹೈಸ್ಕೂಲಿನಲ್ಲಿ ಓದು, ಜೈನ ವಸತಿಗೃಹದಲ್ಲಿ ಊಟ ವಸತಿ. ಆಗ ಕೊಲ್ಹಾಪುರವನ್ನು ಆಳುತ್ತಿದ್ದವರು ರಾಜರ್ಷಿ ಶಾಹು ಮಹಾರಾಜರು. 1874ರಲ್ಲಿ ಹುಟ್ಟಿ 1922ರಲ್ಲಿ ತೀರಿಕೊಂಡ ಈ ಅರಸರು ಹಿಂದುಳಿದವರಿಗೆ 1902ರಲ್ಲೇ ತಮ್ಮ ಸಂಸ್ಥಾನದ ಸರ್ಕಾರಿ ನೌಕರಿಗಳಲ್ಲಿ ಅರ್ಧದಷ್ಟು ಮೀಸಲಿಟ್ಟವರು. ಹಳ್ಳಿಯ ಮಕ್ಕಳು ಪಟ್ಟಣಕ್ಕೆ ಬಂದು ಓದಬೇಕಾದರೆ ಉಳಿಯಲು ಜಾಗ, ಉಣ್ಣಲು ಅನ್ನ ಬೇಕು ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಆದ್ದರಿಂದ 1901ರಿಂದ ಒಂದಾದ ಮೇಲೆ ಒಂದರಂತೆ ವಸತಿಗೃಹಗಳಿಗೆ ನೆರವಾದರು. ಮರಾಠರಿಗೆ, ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ ಹೀಗೆ ಒಂದೊಂದು ಸಮಾಜಕ್ಕೆ ಒಂದೊಂದು. ಎಲ್ಲರನ್ನೂ ಒಂದೇ ಸೂರಿನಡಿ ಕೂಡಿಸಲು ಆ ಕಾಲ ಒಪ್ಪುತ್ತಿರಲಿಲ್ಲ. ಬೇರೆ ಬೇರೆ ಒಲೆ ಇದ್ದರೂ ಪರವಾಗಿಲ್ಲ, ಮಕ್ಕಳು ಓದಲಿ ಎಂಬುದು ಮಹಾರಾಜರ ಲೆಕ್ಕ.

1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಅವರ ಹೆಸರಿನಲ್ಲಿ ಕೊಲ್ಹಾಪುರದಲ್ಲಿ ಒಂದು ವಸತಿಗೃಹ ಆರಂಭವಾಯಿತು. ಆ ಸಮಾರಂಭಕ್ಕೆ ಭಾವೂರಾವ್ ಹೋಗಿ ಬಂದರು. ಬಂದವರು ಸ್ನಾನ ಮಾಡಿ ಶುದ್ಧರಾಗಿ ಒಳಗೆ ಬರಬೇಕೆಂದು ತಮ್ಮ ವಸತಿಗೃಹದಲ್ಲಿ ಅಪ್ಪಣೆಯಾಯಿತು. ಸ್ನಾನ ಮಾಡುವುದು ಕಷ್ಟದ ಕೆಲಸವೇನಲ್ಲ. ಒಂದು ಬಿಂದಿಗೆ ನೀರು ಸುರಿದುಕೊಂಡಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಮನುಷ್ಯರ ಜೊತೆ ಕೂತು ಬಂದದ್ದಕ್ಕೆ ಮೈಲಿಗೆ ಯಾಕಾಗಬೇಕು ಅನ್ನುವುದು ಆ ಯುವಕನ ಪ್ರಶ್ನೆ. ಸ್ನಾನ ಮಾಡಲು ಅವರು ಒಪ್ಪಲಿಲ್ಲ. ಮೇಲ್ವಿಚಾರಕರು ಅವರನ್ನು ವಸತಿಗೃಹದಿಂದ ಹೊರಗೆ ಹಾಕಿದರು.

ಊಟ ಹೋಯಿತು, ತಲೆ ಮೇಲಿನ ಸೂರೂ ಹೋಯಿತು. ಶಾಹು ಮಹಾರಾಜರ ಆಶ್ರಯ ಸ್ವಲ್ಪ ಕಾಲ ಸಿಕ್ಕಿತು. ಆದರೆ ಓದು ಮುಂದುವರಿಯಲಿಲ್ಲ. ಊಟ ವಸತಿ ತಪ್ಪಿದರೆ ಒಬ್ಬ ವಿದ್ಯಾರ್ಥಿಯ ಗತಿ ಏನಾಗುತ್ತದೆ ಎಂಬುದನ್ನು ಭಾವೂರಾವ್ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಮುಂದೆ ಅವರು ಕಟ್ಟಿದ ಒಂದೊಂದು ವಸತಿಗೃಹದ ಬೇರೂ ಈ ಅನುಭವದಲ್ಲಿದೆ. 1910ರಲ್ಲೇ ಕೆಲವು ಗೆಳೆಯರ ಜೊತೆ ಸೇರಿ ಸಾಂಗಲಿ ಸೀಮೆಯ ದುಧಗಾಂವ್ ಎಂಬ ಹಳ್ಳಿಯಲ್ಲಿ ಬಡ ಮಕ್ಕಳಿಗೆ ವಿದ್ಯಾರ್ಥಿ ಆಶ್ರಮವೊಂದನ್ನು ನಡೆಸಲು ಕೈಹಾಕಿದರು. ಅದೇ ಮೊದಲ ಹೆಜ್ಜೆ.

ಸತ್ಯಕ್ಕಾಗಿ ಸೆರೆವಾಸ

ಆಮೇಲೆ ಹೊಟ್ಟೆಪಾಡಿಗಾಗಿ ಸಾತಾರಾ ಪಟ್ಟಣಕ್ಕೆ ಬಂದು ಮನೆಪಾಠ ಹೇಳಿಕೊಡತೊಡಗಿದರು. ಪಾಟೀಲ ಮಾಸ್ತರ್ ಅಂತ ಜನ ಗುರುತಿಸತೊಡಗಿದರು. ಬದುಕು ಒಂದು ದಾರಿಗೆ ಬಂತು ಎನ್ನುವಾಗಲೇ ಇನ್ನೊಂದು ಪರೀಕ್ಷೆ ಎದುರಾಯಿತು. 1914ರಲ್ಲಿ ಕೊಲ್ಹಾಪುರದಲ್ಲಿ ಯಾರೋ ಬ್ರಿಟಿಷ್ ರಾಜನ ಪ್ರತಿಮೆಗೆ ಡಾಂಬರು ಬಳಿದರು. ಈ ಪ್ರಕರಣದಲ್ಲಿ ಒಬ್ಬ ಪ್ರಮುಖ ಗೃಹಸ್ಥರನ್ನು ಸಿಕ್ಕಿಸಬೇಕೆಂದು ಕೆಲವರು ಹಠ ಹಿಡಿದಿದ್ದರು. ಅವರ ವಿರುದ್ಧ ಸುಳ್ಳು ಸಾಕ್ಷಿ ಹೇಳುವಂತೆ ಭಾವೂರಾವ್ ಅವರಿಗೆ ಒತ್ತಾಯ ಬಂತು.

ಆ ಗೃಹಸ್ಥರು ಬೇರೆ ಯಾರೂ ಅಲ್ಲ, ಕೆಲವು ವರ್ಷಗಳ ಹಿಂದೆ ಭಾವೂರಾವ್ ಅವರನ್ನು ವಸತಿಗೃಹದಿಂದ ಹೊರಗೆ ಹಾಕಿದ್ದ ಅದೇ ಮೇಲ್ವಿಚಾರಕರು! ಸೇಡು ತೀರಿಸಿಕೊಳ್ಳುವ ಮನಸ್ಸಿದ್ದರೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗೋದು ಕಷ್ಟ. ಒಂದು ಸಹಿ ಹಾಕಿದ್ದರೆ ಸಾಕಾಗಿತ್ತು. ಭಾವೂರಾವ್ ಹಾಕಲಿಲ್ಲ. ಅವರನ್ನು ಸೆರೆಗೆ ಹಾಕಿದರು, ಹಿಂಸೆ ಕೊಟ್ಟರು. ಸುಳ್ಳು ಹೇಳಲಾರದೆ, ನೋವು ತಾಳಲಾರದೆ ಪ್ರಾಣ ಬಿಡುವ ಹಂತಕ್ಕೂ ಅವರು ಹೋಗಿದ್ದರು. ಕೊನೆಗೆ ಬಿಡುಗಡೆಯಾಯಿತು. ಸತ್ಯ ಮತ್ತು ಕ್ಷಮೆ ಎಂಬ ಎರಡು ವ್ರತಗಳನ್ನು ಅವರು ಪಾಲಿಸಿದ ಬಗೆ ಇದು.

ಅನಂತರ ಅವರು ಓಗಲೆ ಗಾಜಿನ ಕಾರ್ಖಾನೆಯ ಮಾಲು, ಕಿರ್ಲೋಸ್ಕರ್ ನೇಗಿಲು ಮಾರುವ ಪ್ರತಿನಿಧಿಯಾಗಿ ದುಡಿದರು. ಕಬ್ಬಿಣದ ನೇಗಿಲು ಆಗ ಹೊಸದು. ರೈತರಿಗೆ ಅದನ್ನು ಒಪ್ಪಿಸಲು ಹಳ್ಳಿ ಹಳ್ಳಿ ಸುತ್ತಬೇಕಾಗಿತ್ತು. ಹಾಗೆ ಸುತ್ತುವಾಗ ಅವರ ಕಣ್ಣಿಗೆ ಬಿದ್ದದ್ದು ಏನು? ಸಾಲದ ಕಾಗದದಲ್ಲಿ ಏನು ಬರೆದಿದೆ ಅಂತ ತಿಳಿಯದೆ ಹೆಬ್ಬೆಟ್ಟು ಒತ್ತುವ ರೈತರು, ಶಾಲೆ ಎಂದರೇನೆಂದು ಕಾಣದ ದನಗಾಹಿ ಹುಡುಗರು. ಮಹಾತ್ಮ ಜ್ಯೋತಿಬಾ ಫುಲೆಯವರು 1873ರಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜದ ವಿಚಾರಗಳು ಅವರ ಮನಸ್ಸನ್ನು ಆಗಲೇ ತುಂಬಿದ್ದವು. ವಿದ್ಯೆಯಿಲ್ಲದೆ ರೈತನಿಗೆ ಬಿಡುಗಡೆಯಿಲ್ಲ ಎಂಬುದು ಅವರಿಗೆ ಖಚಿತವಾಯಿತು.

ರಯತ ಶಿಕ್ಷಣ ಸಂಸ್ಥೆ

1919ರ ಅಕ್ಟೋಬರ್ 4ರಂದು ಸಾತಾರಾ ಜಿಲ್ಲೆಯ ಕರಾಡ ತಾಲೂಕಿನ ಕಾಲೆ ಎಂಬ ಚಿಕ್ಕ ಹಳ್ಳಿಯಲ್ಲಿ ಭಾವೂರಾವ್ ಪಾಟೀಲರು ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ರಯತ ಅಂದರೆ ನಮ್ಮ ರೈತ ಎಂಬ ಮಾತೇ, ಸಾಮಾನ್ಯ ಪ್ರಜೆ ಎಂಬ ಅರ್ಥವೂ ಅದಕ್ಕಿದೆ. ದೊಡ್ಡ ಬಂಡವಾಳ ಇರಲಿಲ್ಲ. ಕಟ್ಟಡ ಇರಲಿಲ್ಲ. ಇದ್ದದ್ದು ಕೆಲವೇ ಹುಡುಗರು ಮತ್ತು ಒಂದು ಸಂಕಲ್ಪ. ಹಬ್ಬುತ್ತಾ ಹೋದಂತೆ ಬಿಳಲುಗಳನ್ನು ನೆಲಕ್ಕಿಳಿಸಿ ಅವನ್ನೇ ಕಂಬ ಮಾಡಿಕೊಳ್ಳುವ ಆಲದ ಮರವನ್ನು ಸಂಸ್ಥೆಯ ಲಾಂಛನವಾಗಿ ಆರಿಸಿಕೊಂಡರು.

1924ರಲ್ಲಿ ಸಂಸ್ಥೆಯ ಮುಖ್ಯ ಕೇಂದ್ರ ಸಾತಾರಾ ಪಟ್ಟಣಕ್ಕೆ ಬಂತು. ಅಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಒಂದೇ ವಸತಿಗೃಹ ತೆರೆದರು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಬೇರೆ ಬೇರೆ ಒಲೆಗಳಿಗೆ ನೆರವು ಕೊಟ್ಟಿದ್ದರು. ಅವರ ಶಿಷ್ಯರಂತಿದ್ದ ಭಾವೂರಾವ್ ಎಲ್ಲ ಒಲೆಗಳನ್ನೂ ಒಂದು ಮಾಡಿದರು.

ಇದು ಈಗ ಓದುವಾಗ ಸಣ್ಣ ಸಂಗತಿಯಾಗಿ ಕಾಣಬಹುದು. ಆ ದಿನಗಳಲ್ಲಿ ಇದು ಬೆಂಕಿಯ ಜೊತೆ ಆಟ. ಮರಾಠರ ಹುಡುಗ, ಜೈನರ ಹುಡುಗ, ಮುಸ್ಲಿಮ್ ಹುಡುಗ, ಮಹಾರ್ ಮತ್ತು ಮಾಂಗ್ ಕೇರಿಗಳ ಹುಡುಗರು ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು, ಒಂದೇ ಪಾತ್ರೆಯ ಪಲ್ಯ ಬಡಿಸಿಕೊಳ್ಳಬೇಕು, ಊಟದ ತಟ್ಟೆ ತಾವೇ ತೊಳೆಯಬೇಕು. ಆ ಸೀಮೆಯ ಊಟ ಅಂದರೆ ಜೋಳ, ಸಜ್ಜೆಯ ರೊಟ್ಟಿ. ರೊಟ್ಟಿ ತಟ್ಟುವ ಕೈ ಯಾವ ಜಾತಿಯದು ಎಂದು ಕೇಳುವಂತಿರಲಿಲ್ಲ. ಹಿಟ್ಟು ಬೀಸುವುದು, ನೀರು ತರುವುದು, ಕಸ ಗುಡಿಸುವುದು, ಅಡಿಗೆ ಮಾಡುವುದು ಎಲ್ಲವೂ ಹುಡುಗರ ಪಾಳಿಯ ಕೆಲಸ. ಕೆಲವು ಮನೆಯವರು ಇದನ್ನು ಒಪ್ಪದೆ ಟೀಕಿಸಿದರು. ನೆಂಟರಿಷ್ಟರು ಮುನಿಸಿಕೊಂಡರು. ಪಾಟೀಲರು ಜಗ್ಗಲಿಲ್ಲ. ಒಂದು ವರ್ಷ ಜೊತೆಗೆ ಉಂಡ ಹುಡುಗರಿಗೆ ಜಾತಿ ಬೇಡ ಅಂತ ಭಾಷಣ ಮಾಡಬೇಕಾಗಿಲ್ಲ ಎಂಬುದನ್ನು ಅವರು ಕಂಡುಕೊಂಡಿದ್ದರು. ಅವರ ಆಶ್ರಯದಲ್ಲಿ ಉಂಡು ಓದಿದ ಒಬ್ಬ ದಲಿತ ಹುಡುಗ ಮುಂದೆ ಮುಂಬೈ ಪ್ರಾಂತದ ಶಾಸಕಾಂಗದ ಸದಸ್ಯರಾದರು.

1927ರ ಫೆಬ್ರವರಿ 25ರಂದು ಮಹಾತ್ಮ ಗಾಂಧೀಜಿ ಸಾತಾರಾಕ್ಕೆ ಬಂದಾಗ ಈ ವಸತಿಗೃಹಕ್ಕೆ ಭೇಟಿ ಕೊಟ್ಟರು. ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಉಂಡು, ಒಟ್ಟಿಗೆ ದುಡಿದು, ಒಟ್ಟಿಗೆ ಓದುವುದನ್ನು ಕಂಡು ಬಹಳ ಸಂತೋಷಪಟ್ಟರು. ಅವರ ಹಸ್ತದಿಂದಲೇ ಇದಕ್ಕೆ ಶ್ರೀ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂದು ನಾಮಕರಣವಾಯಿತು. ಆಶ್ರಯ ಕೊಟ್ಟ ಅರಸರ ಋಣವನ್ನು ಪಾಟೀಲರು ಹೀಗೆ ಸಲ್ಲಿಸಿದರು.

ತಾಯಿ ಲಕ್ಷ್ಮೀಬಾಯಿ

ಈ ಪುಣ್ಯಕಾರ್ಯದಲ್ಲಿ ಕರ್ಮವೀರರಿಗಿಂತ ಒಂದು ತೂಕ ಹೆಚ್ಚೇ ಹೊತ್ತವರು ಅವರ ಧರ್ಮಪತ್ನಿ ಲಕ್ಷ್ಮೀಬಾಯಿ. ಕುಂಭೋಜದ ಅನುಕೂಲಸ್ಥ ಪಾಟೀಲ ಮನೆತನದ ಮಗಳು. ಮದುವೆಯಾಗಿ ಬರುವಾಗ ಮೈತುಂಬ ಬಂಗಾರ ಹಾಕಿಕೊಂಡು ಬಂದವರು. ಮಡಿ ಮೈಲಿಗೆಯ ಸಂಪ್ರದಾಯದಲ್ಲಿ ಬೆಳೆದವರು. ಇಂಥ ತಾಯಿಗೆ ಊರಾಚೆಯ ಕೇರಿಯ ಮಕ್ಕಳನ್ನು ತನ್ನ ಅಡಿಗೆಮನೆಯೊಳಗೆ ಬಿಟ್ಟುಕೊಳ್ಳುವುದು ಸುಲಭವಾಗಿತ್ತೇ? ಖಂಡಿತ ಇರಲಿಲ್ಲ. ಆದರೆ ಹಸಿದ ಮಗು ಎದುರಿಗೆ ಬಂದು ಕೂತಾಗ ತಾಯಿಯ ಕೈ ತಡೆಯಲಾರದು. ದಿನ ಕಳೆದಂತೆ ಎಲ್ಲ ಮಕ್ಕಳೂ ಅವರ ಮಕ್ಕಳೇ ಆದರು. ಜ್ವರ ಬಂದ ಹುಡುಗನ ತಲೆಗೆ ಒದ್ದೆ ಬಟ್ಟೆ ಹಾಕುವುದು, ಮನೆ ನೆನೆದು ಅಳುವ ಚಿಕ್ಕವನನ್ನು ಸಮಾಧಾನ ಮಾಡುವುದು, ಹರಿದ ಅಂಗಿ ಹೊಲಿಯುವುದು ಎಲ್ಲವೂ ಅವರ ಪಾಲಿಗೆ ಬಂತು.

ವಸತಿಗೃಹಕ್ಕೆ ಖಾಯಂ ಆದಾಯ ಅಂತ ಏನೂ ಇರಲಿಲ್ಲ. ಪಾಟೀಲರು ಹಳ್ಳಿ ಹಳ್ಳಿ ತಿರುಗಿ ಕಾಳು ಕಡಿ, ದುಡ್ಡು ಎತ್ತಿ ತರುತ್ತಿದ್ದರು. ಮನೆ ಮನೆಯ ಹೆಂಗಸರು ದಿನಾ ಬೀಸುವ ಮೊದಲು ಒಂದು ಮುಷ್ಟಿ ಕಾಳನ್ನು ಬೇರೆ ತೆಗೆದಿಟ್ಟು ಬಡ ಮಕ್ಕಳ ಊಟಕ್ಕೆ ಕೊಡುವ ಮುಷ್ಟಿಧಾನ್ಯದ ಪದ್ಧತಿಯೂ ನೆರವಿಗೆ ಬಂತು. ಒಂದು ಮುಷ್ಟಿ ಕೊಟ್ಟರೆ ಯಾವ ಬಡವಿಗೂ ಕಡಿಮೆಯಾಗದು, ನೂರು ಮುಷ್ಟಿ ಸೇರಿದರೆ ಒಂದು ಚೀಲ. ಆದರೂ ಎಷ್ಟೋ ಸಲ ಪಾಟೀಲರು ಪರಊರಿನಲ್ಲಿರುವಾಗ ಇಲ್ಲಿ ಡಬ್ಬಿಗಳೆಲ್ಲ ಖಾಲಿಯಾಗುತ್ತಿದ್ದವು. ಆಗ ಲಕ್ಷ್ಮೀಬಾಯಿಯವರು ಒಂದು ಬಳೆ ಕೊಟ್ಟು ಕಾಳು ತರಿಸುತ್ತಿದ್ದರು. ಇನ್ನೊಮ್ಮೆ ಇನ್ನೊಂದು ಒಡವೆ. ಹೀಗೆ ತವರಿನ ಬಂಗಾರವೆಲ್ಲ ಒಂದೊಂದಾಗಿ ಮಕ್ಕಳ ತಟ್ಟೆಗೆ ಹೋಯಿತು.

ಕೊನೆಗೆ ಕೊರಳಲ್ಲಿ ಉಳಿದದ್ದು ಮಂಗಳಸೂತ್ರ ಒಂದೇ. ಒಂದು ದಿನ ಮನೆಯಲ್ಲಿ ಕಾಳಿಲ್ಲ, ಕೈಯಲ್ಲಿ ಕಾಸಿಲ್ಲ, ಗಂಡ ಊರಲ್ಲಿಲ್ಲ. ಮಕ್ಕಳು ಶಾಲೆಯಿಂದ ಬರುವ ಹೊತ್ತು. ಸುಮಂಗಲಿಯಾದವಳು ಮಂಗಳಸೂತ್ರ ತೆಗೆಯುವುದೆಂದರೆ ಅಪಶಕುನ ಎಂದು ನಂಬುವ ನಾಡು ನಮ್ಮದು. ಆ ತಾಯಿಗೂ ಆ ನಂಬಿಕೆ ಇರಲಿಲ್ಲ ಅಂತಲ್ಲ. ಅದನ್ನು ಇಟ್ಟುಕೊಂಡು ಮಕ್ಕಳನ್ನು ಹಸಿದು ಮಲಗಿಸುವುದೋ, ಕೊಟ್ಟು ಉಣಿಸುವುದೋ ಎಂಬ ಪ್ರಶ್ನೆ ಬಂದಾಗ ಅವರು ಅದನ್ನೂ ಮಾರಲು ಕೊಟ್ಟರು. ಅಂದು ಮಕ್ಕಳು ಹೊಟ್ಟೆತುಂಬ ಉಂಡರು. ಆ ಊಟ ಎಲ್ಲಿಂದ ಬಂತೆಂದು ತಿಳಿದಾಗ ದೊಡ್ಡ ಹುಡುಗರ ಕಣ್ಣು ತುಂಬಿದ್ದರೆ ಆಶ್ಚರ್ಯವಿಲ್ಲ.

1930ರಲ್ಲಿ ಲಕ್ಷ್ಮೀಬಾಯಿ ತೀರಿಕೊಂಡರು. ವಸತಿಗೃಹದ ಮಕ್ಕಳು ಎರಡನೇ ಸಲ ತಾಯಿಯಿಲ್ಲದವರಾದರು. ಸಂಸ್ಥೆ ದೊಡ್ಡದಾಗಿ ಬೆಳೆದದ್ದನ್ನು ನೋಡುವ ಭಾಗ್ಯ ಅವರಿಗೆ ಇರಲಿಲ್ಲ. ಮಹಾರಾಷ್ಟ್ರದಲ್ಲಿ ಇಂದಿಗೂ ಅವರನ್ನು ರಯತೆಯ ತಾಯಿ ಎಂದೇ ನೆನೆಯುತ್ತಾರೆ.

ದುಡಿದು ಕಲಿಯುವ ದೀಕ್ಷೆ

ಪಾಟೀಲರ ದಾನದಲ್ಲಿ ಒಂದು ವಿಶೇಷವಿತ್ತು. ಅನ್ನವನ್ನು ಪುಕ್ಕಟೆ ಕೊಟ್ಟರೂ ಅದನ್ನು ಭಿಕ್ಷೆ ಎಂದು ಮಕ್ಕಳು ತಿಳಿಯಬಾರದು ಎಂಬುದು ಅವರ ಆಸೆ. ಭಿಕ್ಷೆಯ ಅನ್ನ ಉಂಡ ಮಗು ತಲೆ ತಗ್ಗಿಸಿ ಬೆಳೆಯುತ್ತದೆ. ತನ್ನ ಬೆವರಿನ ಅನ್ನ ಉಂಡ ಮಗು ತಲೆ ಎತ್ತಿ ನಡೆಯುತ್ತದೆ. ಹಾಗಾಗಿ ದುಡಿಯುತ್ತಾ ಕಲಿಯುವುದು ಎಂಬ ಪದ್ಧತಿಯನ್ನು ಜಾರಿಗೆ ತಂದರು. ಹುಡುಗರು ಗದ್ದೆ ತೋಟದಲ್ಲಿ ದುಡಿದರು, ದನ ಸಾಕಿದರು, ಕಲ್ಲು ಒಡೆದರು, ತಮ್ಮ ಶಾಲೆಯ ಗೋಡೆಗಳನ್ನು ತಾವೇ ಕಟ್ಟಿದರು. ಕಲ್ಲು ತುಂಬಿದ ಬರಡು ಭೂಮಿಯನ್ನು ಗುದ್ದಲಿ ಹಿಡಿದು ಹಸನು ಮಾಡಿ ಬೆಳೆ ತೆಗೆದರು. ಸ್ವಾವಲಂಬನೆಯೇ ಸಂಸ್ಥೆಯ ಧ್ಯೇಯವಾಯಿತು. ಮಕ್ಕಳಿಂದ ಕೂಲಿ ಮಾಡಿಸಿ ಲಾಭ ಗಳಿಸುವ ಕೆಲಸ ಇದಲ್ಲ, ಅವರು ಬೆಳೆದದ್ದು ಅವರ ತಟ್ಟೆಗೇ, ಅವರ ಓದಿಗೇ ಹೋಗುತ್ತಿತ್ತು. ಪಾಟೀಲರೂ ಗುದ್ದಲಿ ಹಿಡಿದು ಮಕ್ಕಳ ಜೊತೆ ನಿಲ್ಲುತ್ತಿದ್ದರು.

1932ರಲ್ಲಿ ಗಾಂಧೀಜಿ ಮತ್ತು ಡಾ. ಅಂಬೇಡ್ಕರ್ ನಡುವೆ ಪುಣೆ ಒಪ್ಪಂದವಾಯಿತು. ಆ ಐಕ್ಯದ ನೆನಪಿಗೆ ಪಾಟೀಲರು ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್ ಹೌಸ್ ತೆರೆದರು. ಊರೂರಿಗೆ ಶಾಲೆ ಬೇಕಾದರೆ ಮೊದಲು ಶಿಕ್ಷಕರು ಬೇಕಲ್ಲ? ಅದಕ್ಕಾಗಿ 1935ರಲ್ಲಿ ಸಾತಾರಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ಶುರುವಾಯಿತು. ಇಲ್ಲಿ ತಯಾರಾದ ತರುಣರು ದಾರಿ ದೀಪ ಇಲ್ಲದ ಗುಡ್ಡಗಾಡಿನ ಹಳ್ಳಿಗಳಿಗೆ ಹೋಗಿ ಗುಡಿಯ ಜಗಲಿಯಲ್ಲೋ ಮರದ ನೆರಳಲ್ಲೋ ಪಾಠ ಆರಂಭಿಸಿದರು. ಹೀಗೆ ನೂರಾರು ಹಳ್ಳಿಗಳಲ್ಲಿ ಸ್ವಯಂಸೇವಾ ಪ್ರಾಥಮಿಕ ಶಾಲೆಗಳು ಎದ್ದವು.

1940ರಲ್ಲಿ ಬಡ ಮಕ್ಕಳಿಗಾಗಿ ಶುಲ್ಕವಿಲ್ಲದ ವಸತಿ ಪ್ರೌಢಶಾಲೆ ಸಾತಾರಾದಲ್ಲಿ ತೆರೆಯಿತು. ಅದಕ್ಕೆ ಬರೋಡದ ಮಹಾರಾಜ ಸಯಾಜಿರಾವ್ ಅವರ ಹೆಸರಿಟ್ಟರು. 1947ರಲ್ಲಿ, ದೇಶ ಸ್ವತಂತ್ರವಾದ ವರ್ಷವೇ, ಛತ್ರಪತಿ ಶಿವಾಜಿ ಕಾಲೇಜು ಆರಂಭವಾಯಿತು. ಇಲ್ಲಿಯೂ ಕೈಯಲ್ಲಿ ಕಾಸಿಲ್ಲದವರು ದುಡಿದು ಪದವಿ ಪಡೆಯಬಹುದಾಗಿತ್ತು. ಕಾಲೇಜಿನ ಹೆಸರು ಬದಲಿಸಿ ತನ್ನ ಕಡೆಯವರ ಹೆಸರಿಟ್ಟರೆ ದೊಡ್ಡ ಮೊತ್ತ ಕೊಡುವುದಾಗಿ ಧನಿಕರೊಬ್ಬರು ಮುಂದೆ ಬಂದರಂತೆ. ಹಣದ ಅಗತ್ಯ ಬಹಳವಿದ್ದರೂ ಪಾಟೀಲರು ಕೈಮುಗಿದು ಬೇಡವೆಂದರು ಎಂದು ಹೇಳುತ್ತಾರೆ.

ಅಡ್ಡಿ ಆತಂಕಗಳು

1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ದುಃಖದಲ್ಲಿ ಮುಳುಗಿ ಕೂರುವವರಲ್ಲ ಪಾಟೀಲರು. ಬಾಪೂಜಿಯವರ ನೆನಪಿಗೆ 101 ಪ್ರೌಢಶಾಲೆಗಳನ್ನು ತೆರೆಯುವ ಸಂಕಲ್ಪ ಮಾಡಿದರು. ಆದರೆ ಅದೇ ಹೊತ್ತಿಗೆ ಅವರ ನೇರ ಮಾತಿನಿಂದ ಅಸಮಾಧಾನಗೊಂಡ ಆಗಿನ ಮುಂಬೈ ಸರ್ಕಾರ ಸಂಸ್ಥೆಯ ಅನುದಾನವನ್ನು ನಿಲ್ಲಿಸಿತು. ಸಾವಿರಾರು ಮಕ್ಕಳ ಊಟ ಮತ್ತು ಪಾಠ ನಿಲ್ಲುವ ಗಂಡಾಂತರ. ಆಗ ನೆರವಿಗೆ ಬಂದವರು ಯಾರು? ಸಾಮಾನ್ಯ ರೈತರು. ಹಿಂದೆ ಮುಷ್ಟಿ ಕಾಳು ಕೊಟ್ಟವರು ಈಗಲೂ ಕೈಬಿಡಲಿಲ್ಲ. ಜನರ ಒತ್ತಾಯ ಹೆಚ್ಚಿ ಸರ್ಕಾರ ಅನುದಾನವನ್ನು ಮತ್ತೆ ಕೊಡಬೇಕಾಯಿತು. ಸಂಸ್ಥೆ ಪ್ರಜೆಗಳದ್ದು ಎಂಬ ಅದರ ಹೆಸರು ಆ ದಿನ ನಿಜವಾಯಿತು.

ಕೀರ್ತನೆಗಳ ಮೂಲಕ ಜನಜಾಗೃತಿ ಮಾಡುತ್ತಿದ್ದ ಸಂತ ಗಾಡಗೆ ಮಹಾರಾಜರು ಕರ್ಮವೀರರ ಮೇಲೆ ಬಹಳ ವಿಶ್ವಾಸ ಇಟ್ಟಿದ್ದರು. ಪೊರಕೆ ಹಿಡಿದು ಊರಿನ ಕಸ ಗುಡಿಸುತ್ತಾ, ಸಂಜೆ ಕೀರ್ತನೆಯಲ್ಲಿ ಮಕ್ಕಳನ್ನು ಓದಿಸಿರಪ್ಪಾ ಎಂದು ಬೇಡುತ್ತಿದ್ದ ಸಂತರವರು. 1954ರಲ್ಲಿ ಕರಾಡದಲ್ಲಿ ತೆರೆದ ಕಾಲೇಜಿಗೆ ಪಾಟೀಲರು ಈ ಸಂತರ ಹೆಸರನ್ನೇ ಇಟ್ಟರು. ಶಾಲೆ ಕಾಣದ ಸಂತರ ಹೆಸರಿನಲ್ಲಿ ಒಂದು ಕಾಲೇಜು!

ದೇಹ ಬಿಟ್ಟರು, ಬಿಳಲು ಬಿಟ್ಟರು

1959ರಲ್ಲಿ ಭಾರತ ಸರ್ಕಾರ ಪಾಟೀಲರಿಗೆ ಪದ್ಮಭೂಷಣ ನೀಡಿತು. ಅದೇ ವರ್ಷ ಪುಣೆ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಪದವಿ ಕೊಟ್ಟಿತು. ವಸತಿಗೃಹದಿಂದ ಹೊರದಬ್ಬಿಸಿಕೊಂಡು ಮೆಟ್ರಿಕ್ ಮುಗಿಸಲಾಗದೆ ಹೋದ ಹುಡುಗ ಡಾಕ್ಟರ್ ಭಾವೂರಾವ್ ಪಾಟೀಲರಾದರು. ಆದರೆ ಅಷ್ಟರಲ್ಲಿ ದೇಹ ಸೋತಿತ್ತು. 1959ರ ಮೇ 9ರಂದು ಪುಣೆಯಲ್ಲಿ ಅವರು ಕೊನೆಯುಸಿರೆಳೆದರು. ಬಿಳಿ ಗಡ್ಡ, ಖಾದಿ ಬಟ್ಟೆ, ಕೈಯಲ್ಲಿ ಊರುಗೋಲು ಹಿಡಿದ ಆ ಗಟ್ಟಿ ದೇಹ ಸಾತಾರಾದ ಮಣ್ಣಿಗೆ ಸೇರಿತು. ಅವರ ಸಮಾಧಿ ಅಲ್ಲಿಯೇ ಇದೆ. ಅವರು ತೀರಿಕೊಳ್ಳುವ ಹೊತ್ತಿಗೆ ಸಂಸ್ಥೆಯ ಆಡಳಿತದಲ್ಲಿ 38 ವಸತಿಗೃಹಗಳು, ನೂರಕ್ಕೂ ಹೆಚ್ಚು ಪ್ರೌಢಶಾಲೆಗಳು ಮತ್ತು 3 ಕಾಲೇಜುಗಳಿದ್ದವು. ಸ್ವಂತಕ್ಕೆ ಅಂತ ಅವರು ಮಾಡಿಟ್ಟುಕೊಂಡದ್ದು ಏನೂ ಇಲ್ಲ. 1988ರಲ್ಲಿ ಅಂಚೆ ಇಲಾಖೆ ಅವರ ಅಂಚೆಚೀಟಿ ಹೊರತಂದಿತು. 2019ರಲ್ಲಿ ನೂರು ವರ್ಷ ಪೂರೈಸಿದ ರಯತ ಶಿಕ್ಷಣ ಸಂಸ್ಥೆ ಇಂದು ಏಳುನೂರಕ್ಕೂ ಹೆಚ್ಚು ಶಾಖೆಗಳ ದೊಡ್ಡ ಆಲದ ಮರವಾಗಿದೆ.

ಶಾಲೆಯಲ್ಲಿ ಮಕ್ಕಳಿಗೆ ಊಟ ಕೊಡುವುದು ಇಂದು ಸರ್ಕಾರದ ಹೊಣೆಯೇ ಆಗಿದೆ. ನಮ್ಮ ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಈ ಯೋಜನೆಗೆ ಅಕ್ಷರ ದಾಸೋಹ ಎಂಬ ಸೊಗಸಾದ ಹೆಸರಿದೆ. ಅನ್ನ ಮತ್ತು ಅಕ್ಷರ ಎರಡೂ ಆ ಒಂದೇ ಹೆಸರಿನಲ್ಲಿವೆ. ಯೋಜನೆ ಬಂತು, ಅಕ್ಕಿ ಬಂತು, ಒಲೆ ಬಂತು. ಆದರೆ ಯಾವುದೋ ಊರಿನಲ್ಲಿ ಅಡಿಗೆಯಮ್ಮನ ಜಾತಿ ಕೇಳಿ ಮಕ್ಕಳನ್ನು ಊಟಕ್ಕೆ ಕಳಿಸದ ತಂದೆತಾಯಿಗಳ ಸುದ್ದಿ ಇಂದಿಗೂ ಒಮ್ಮೊಮ್ಮೆ ಪತ್ರಿಕೆಯಲ್ಲಿ ಬರುತ್ತದಲ್ಲ, ಅದನ್ನು ಓದಿದಾಗ ಕರ್ಮವೀರರ ಕೆಲಸ ಇನ್ನೂ ಬಾಕಿ ಇದೆ ಅನ್ನಿಸುತ್ತದೆ. ಅನ್ನ ಕೊಡುವುದನ್ನು ಸರ್ಕಾರ ಮಾಡಬಹುದು. ಒಂದೇ ಸಾಲಿನಲ್ಲಿ ಕೂರಿಸುವುದನ್ನು ಮನೆಯ ಹಿರಿಯರೇ ಮಾಡಬೇಕು.

ಕೊಲ್ಹಾಪುರದ ಮಹಾಲಕ್ಷ್ಮಿಯ ದರ್ಶನಕ್ಕೋ ಕುಂಭೋಜದ ಬಾಹುಬಲಿ ಬೆಟ್ಟಕ್ಕೋ ಹೋಗುವ ಯಾತ್ರಿಕರು ಸಮಯ ಮಾಡಿಕೊಂಡು ಸಾತಾರಾಕ್ಕೂ ಹೋಗಿ ಈ ಮಹನೀಯರ ಸಮಾಧಿಗೆ ಒಂದು ಹೂವಿಟ್ಟು ಬರಬಹುದು. ಅಷ್ಟು ದೂರ ಹೋಗಲಾಗದವರು ಬೇಸರಪಡಬೇಕಾಗಿಲ್ಲ. ತಮ್ಮ ಊರಿನ ಶಾಲೆಯಲ್ಲಿ ಪುಸ್ತಕವಿಲ್ಲದೆ, ಸಮವಸ್ತ್ರವಿಲ್ಲದೆ, ಪರೀಕ್ಷೆ ಶುಲ್ಕ ಕಟ್ಟಲಾಗದೆ ಹಿಂದಿನ ಬೆಂಚಿನಲ್ಲಿ ಕೂತ ಒಂದು ಮಗುವನ್ನು ಗುರುತಿಸಿ, ಅದರ ಮನಸ್ಸಿಗೆ ನೋವಾಗದಂತೆ ನೆರವಾದರೆ ಸಾಕು. ಹರಕೆಯ ಕಾಣಿಕೆಯಲ್ಲಿ ಒಂದು ಪಾಲನ್ನು ಅದಕ್ಕೆಂದು ತೆಗೆದಿಟ್ಟರೆ ಕಡಿಮೆಯಾಗದು. ಲಕ್ಷ್ಮೀಬಾಯಿಯಂತೆ ಮಂಗಳಸೂತ್ರ ಮಾರಬೇಕಾದ ಕಾಲ ಇಂದು ಯಾರಿಗೂ ಬಂದಿಲ್ಲ. ಅವರು ತೆಗೆಸಿಡುತ್ತಿದ್ದ ಒಂದು ಮುಷ್ಟಿ ಕಾಳು ಮಾತ್ರ ಎಲ್ಲರ ಮನೆಯಲ್ಲೂ ಇದೆ.